ಕಿವಿರಿನ ಹುಳವೂ ಊರಿನ ಸಿಟ್ಟೂ

ಇದು ನಡೆದ ಕಥೆ. ನಂಬುವವರು ಮುಂದೆ ಓದಿ. ನಂಬದವರೂ ಓದಿ, ಓದದೆ ನಂಬದಿರುವುದು ಹೇಗೆ? ಸುಳ್ಳೇ ಹೇಳುವುದಾಗಿದ್ದರೆ ಆನೆಯದೋ ಚಿರತೆಯದೋ ಹೇಳಬಹುದಿತ್ತು. ಅರ್ಧ ಮಿಲಿಮೀಟರ್ ಉದ್ದದ ಹುಳವನ್ನು ಹಿಡಿದು ಸುಳ್ಳು ಹೊಸೆಯುವಷ್ಟು ಬರ ಸುಳ್ಳಿಗಿನ್ನೂ ಬಂದಿಲ್ಲ.

ನಲವತ್ತೇಳನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಸಿಟ್ಟಾದ ಮನುಷ್ಯನೊಬ್ಬನ ಕಥೆ ಇದು. ಪಾಪ, ಅವರಿಗೆ ಸಿಟ್ಟು ಬರುವ ಹೊತ್ತಿಗೆ ಊರಿಗೆಲ್ಲ ಬಂದಾಗಿತ್ತು. ಆದ್ದರಿಂದ ಯಾರೂ ಗಮನಿಸಲಿಲ್ಲ.

ಕಾಲೇಜಿನಲ್ಲಿ ಅವರನ್ನು ಹುಳದ ಮೇಷ್ಟ್ರು ಎನ್ನುತ್ತಿದ್ದರು. ಪ್ರಾಣಿಶಾಸ್ತ್ರ ಪಾಠ ಮಾಡುವುದು ಹೊಟ್ಟೆಪಾಡಾದರೆ, ಹೊಳೆ ಮೀನುಗಳ ಕಿವಿರು ಬಿಡಿಸಿ ಹುಳ ಹುಡುಕುವುದು ಅವರ ಬದುಕು. ಮೀನಿನ ಕಿವಿರು ಒಂದು ಕೆಂಪು ಬಾಚಣಿಗೆ ಇದ್ದ ಹಾಗೆ. ಆ ಬಾಚಣಿಗೆಯ ಹಲ್ಲುಗಳ ನಡುವೆ, ಕರೆಯದೆ ಬಂದು ಹೋಗೆಂದರೂ ಹೋಗದ ನೆಂಟನ ಹಾಗೆ, ಒಂದು ಚಪ್ಪಟೆ ಹುಳ ಕೂತಿರುತ್ತದೆ. ಮುಂದೆ ನಾಲ್ಕು ಕಣ್ಣಚುಕ್ಕೆ, ಹಿಂದೆ ಕೊಕ್ಕೆಗಳು. ಆ ಕೊಕ್ಕೆಗಳನ್ನು ಚುಚ್ಚಿಕೊಂಡು ಕೂತಿತೆಂದರೆ ಹೊಳೆ ಉಕ್ಕಿದರೂ ಅದು ಅಲ್ಲಾಡುವುದಿಲ್ಲ. ಒಂದೊಂದು ಜಾತಿ ಮೀನಿಗೆ ಒಂದೊಂದು ಜಾತಿ ಹುಳ. ಯಾವುದು ಯಾವುದೆಂದು ಕೊಕ್ಕೆಯ ಆಕಾರ ನೋಡಿ ಹೇಳಬೇಕು. ನಮ್ಮಲ್ಲಿ ಮುಖ ನೋಡಿ ಮಣೆ ಹಾಕುತ್ತೇವೆ, ಅಲ್ಲಿ ಬಾಲ ನೋಡಿ ಹೆಸರಿಡುತ್ತಾರೆ, ಅಷ್ಟೇ ವ್ಯತ್ಯಾಸ.

ಆ ಊರಿನ ಹೊಳೆಯಲ್ಲಿ ಬೆರಳುದ್ದದ ಕಡ್ಡಿಮೀನು ಧಾರಾಳವಾಗಿತ್ತು. ಅದರ ಕಿವಿರಿನಲ್ಲಿ ಮೇಷ್ಟ್ರಿಗೆ ಹನ್ನೊಂದು ವರ್ಷದ ಹುಡುಕಾಟದ ಮೇಲೆ ಏಳು ಹುಳ ಸಿಕ್ಕಿದ್ದವು. ಜಗತ್ತಿನ ಬೇರೆಲ್ಲ ಹುಳಗಳ ಕೊಕ್ಕೆಯ ಬುಡ ಒಳಕ್ಕೆ ಬಾಗಿದ್ದರೆ ಇವುಗಳದ್ದು ಹೊರಕ್ಕೆ. ಹೊಸ ಪ್ರಭೇದ! ಅಳತೆ ತೆಗೆದು, ಚಿತ್ರ ಬರೆದು, ದೂರದ ಸಂಶೋಧನಾ ಪತ್ರಿಕೆಯೊಂದಕ್ಕೆ ಲೇಖನ ಕಳಿಸಿದರು. ನಾಲ್ಕು ತಿಂಗಳ ಮೇಲೆ ಉತ್ತರ ಬಂತು.

"ಕೊಕ್ಕೆಯ ಬುಡ ಬಾಗಿದೆ ಎಂದು ಲೇಖಕರು ಹೇಳುತ್ತಾರೆ. ನಮಗೆ ಹುಳವೇ ಬಾಗಿದಂತೆ ಕಾಣುತ್ತದೆ. ಗಾಜಿನ ಮೇಲೆ ನೆಟ್ಟಗೆ ಮಲಗಿದ ಇನ್ನೂ ಹತ್ತು ಹುಳ ತೋರಿಸಿದರೆ ಒಪ್ಪುತ್ತೇವೆ. ಅವಧಿ ಇಪ್ಪತ್ತೊಂದು ದಿನ. ಇದೇ ಮೀನಿನ ಮೇಲೆ ಬೇರೊಂದು ತಂಡವೂ ಕೆಲಸ ಮಾಡುತ್ತಿರುವುದು ಲೇಖಕರಿಗೆ ತಿಳಿದಿರಲಿ."

ಯಾರು ಮೊದಲು ಅಚ್ಚು ಹಾಕಿಸುತ್ತಾರೋ ಹುಳ ಅವರದ್ದು. ಇಪ್ಪತ್ತೊಂದು ದಿನದಲ್ಲಿ ಹತ್ತು ಹುಳ. ಇಲ್ಲದಿದ್ದರೆ ಹನ್ನೊಂದು ವರ್ಷ ಹೊಳೆಗೆ.

ಹುಳ ಸಿಕ್ಕುವುದು ಸುಲಭವಲ್ಲ. ಮೀನು ನೀರು ಬಿಟ್ಟು ಎರಡು ಗಂಟೆಯೊಳಗೆ ಕಿವಿರು ಬಿಚ್ಚದಿದ್ದರೆ ಹುಳ ಮುದುಡಿಕೊಳ್ಳುತ್ತದೆ. ಆಮೇಲೆ ಅದರ ಕೊಕ್ಕೆ ಒಳಕ್ಕೋ ಹೊರಕ್ಕೋ ಅದಕ್ಕೇ ಗೊತ್ತಾಗುವುದಿಲ್ಲ. ಸಾಲದ್ದಕ್ಕೆ ಹುಳ ಇರುವುದು ಐವತ್ತು ಮೀನಿಗೊಂದರಲ್ಲಿ. ಹನ್ನೊಂದು ವರ್ಷದಲ್ಲಿ ಮುದುಡದೆ ಸಿಕ್ಕಿದ್ದು ಆ ಏಳೇ. ಹಾಗಾಗಿ ಮೇಷ್ಟ್ರ ಇಡೀ ವಿಜ್ಞಾನ ನಿಂತಿದ್ದು ಒಬ್ಬಳ ಮೇಲೆ. ಅವಳು ಮೀನು ಮಾರುಕಟ್ಟೆಯ ಮೊದಲ ಕಟ್ಟೆಯ ಮೀನಕ್ಕ. ಗಿರಾಕಿಗಳಿಗೆ ಕಡ್ಡಿಮೀನು ಸ್ವಚ್ಛ ಮಾಡಿ ಕೊಟ್ಟು, ತಲೆಗಳನ್ನು ಇವರ ಸ್ಟೀಲ್ ಡಬ್ಬಿಗೆ ತುಂಬುತ್ತಿದ್ದಳು. "ಮೇಷ್ಟ್ರು ಬೆಕ್ಕು ಸಾಕಿದಾರೆ, ಹನ್ನೊಂದು ವರ್ಷದಿಂದ ಬೆಕ್ಕು ಮಾತ್ರ ಯಾರಿಗೂ ಕಂಡಿಲ್ಲ" ಎಂದು ಪಕ್ಕದ ಕಟ್ಟೆಗೆ ಹೇಳುತ್ತಿದ್ದಳಂತೆ.

ಮೇಷ್ಟ್ರ ಕೊರಗೂ ಅದೇ ಆಗಿತ್ತು. ಯಾರೂ ಕೇಳುತ್ತಿರಲಿಲ್ಲ. ಹೆಂಡತಿಯಾಗಲಿ ಪ್ರಿನ್ಸಿಪಾಲರಾಗಲಿ "ಏನ್ರೀ ಆ ಹುಳ?" ಎಂದು ಒಂದು ಸಲ ಕೇಳಿದವರಲ್ಲ. ಈ ಕೊರಗನ್ನು ಅವರು ತೋಡಿಕೊಂಡಿದ್ದು ಮಾತ್ರ ತೋಡಿಕೊಳ್ಳಬಾರದವರ ಹತ್ತಿರ.

ಅವರ ಕೋಣೆಯ ಇನ್ನೊಂದು ಮೇಜಿನಲ್ಲಿ ಗಿಡದ ಮೇಷ್ಟ್ರು ಇದ್ದರು. ಸಸ್ಯಶಾಸ್ತ್ರದವರು. ಪಾಠಕ್ಕಿಂತ ಗಂಟಲು ಚೆನ್ನಾಗಿತ್ತು. ಯಾರ ಧ್ವನಿ ಬೇಕಾದರೂ ತೆಗೆಯುತ್ತಿದ್ದರು. ಒಮ್ಮೆ ಪ್ರಿನ್ಸಿಪಾಲರ ಧ್ವನಿಯಲ್ಲಿ ಮೈಕಿನಲ್ಲಿ ರಜೆ ಘೋಷಿಸಿದಾಗ ಸ್ವತಃ ಪ್ರಿನ್ಸಿಪಾಲರೇ ಚೀಲ ತೆಗೆದುಕೊಂಡು ಮನೆಗೆ ಹೋಗಿದ್ದರು.

ಪತ್ರಿಕೆಯ ಉತ್ತರ ಬಂದ ಮೂರನೆಯ ದಿನ ಹುಳದ ಮೇಷ್ಟ್ರ ಮೇಜಿನ ಫೋನು ಹೊಡೆದುಕೊಂಡಿತು. ಆಚೆಯಿಂದ ಒಂದು ಗಡಸು ಧ್ವನಿ.

"ಆಹಾರ ಸುರಕ್ಷತಾ ಕಚೇರಿ. ಅಧಿಕಾರಿ ಮಾತಾಡ್ತಿರೋದು. ಮೀನಲ್ಲಿ ಹುಳ ಇಟ್ಟಿರೋರು ನೀವೇನಾ?"

ಮೇಷ್ಟ್ರು ಎದ್ದು ನಿಂತರು. "ನಾನು ಇಟ್ಟಿಲ್ಲ ಸರ್. ಅದೇ ಇದೆ."

"ಯಾರ ಅನುಮತಿ ಮೇಲೆ?"

"ಅದು... ಲಕ್ಷಾಂತರ ವರ್ಷದಿಂದ ಇದೆ ಸರ್."

"ಲಕ್ಷಾಂತರ ವರ್ಷದಿಂದ ಇದೆ, ಕಚೇರಿಗೆ ಒಂದು ಮಾತು ತಿಳಿಸಿಲ್ಲ! ಇರ್ಲಿ. ಏನ್ರೀ ಅದು ಹುಳ? ವಿವರವಾಗಿ ಹೇಳಿ."

ವಿವರವಾಗಿ ಹೇಳಿ! ಹನ್ನೊಂದು ವರ್ಷದಿಂದ ಕಾದಿದ್ದ ಕಿವಿಗೆ ಆ ಎರಡು ಮಾತು ಬಿದ್ದದ್ದೇ ತಡ, ಮೇಷ್ಟ್ರು ಕಟ್ಟೆ ಒಡೆದರು. ಕಣ್ಣಚುಕ್ಕೆಯಿಂದ ಹಿಡಿದರು. ಕೊಕ್ಕೆಗೆ ಬರುವ ಹೊತ್ತಿಗೆ ಇಪ್ಪತ್ತು ನಿಮಿಷ ಆಗಿತ್ತು. ಪಕ್ಕದ ಪ್ರಯೋಗಾಲಯದ ಫೋನು ಹಿಡಿದು ನಿಂತ ಗಿಡದ ಮೇಷ್ಟ್ರಿಗೆ ಮೊದಲು ನಗು ಬಂತು, ಆಮೇಲೆ ಆಕಳಿಕೆ ಬಂತು, ಕೊನೆಗೆ ಕೈ ಸೋತುಬಂತು. ಹುಳ ಮೊಟ್ಟೆ ಇಡುವ ಭಾಗಕ್ಕೆ ಬಂದಾಗ ಕ್ಲಾಸಿನ ಗಂಟೆ ಹೊಡೆಯಿತು. ತಪ್ಪಿಸಿಕೊಂಡರೆ ಸಾಕೆಂದು ಅವರು, "ಸರಿ ಸರಿ, ಇದನ್ನೆಲ್ಲ ಬರೆದು ಕಚೇರಿಗೆ ಕಳಿಸಿ" ಎಂದು ಫೋನಿಟ್ಟುಬಿಟ್ಟರು.

ಬೇರೆಯವರಾಗಿದ್ದರೆ ಮರೆಯುತ್ತಿದ್ದರು. ಹುಳದ ಮೇಷ್ಟ್ರು ಬರೆದರು. ಒಂಬತ್ತು ಪುಟ ಬರೆದರು. ಮೊದಲ ಸಾಲು ಹೀಗಿತ್ತು: "ಮನುಷ್ಯರಿಗೆ ಯಾವ ತೊಂದರೆಯನ್ನೂ ಮಾಡದ, ಬರಿಗಣ್ಣಿಗೆ ಕಾಣದ ಪುಟ್ಟ ಜೀವಿಯೊಂದರ ಕುರಿತು ತಾವು ತೋರಿದ ಆಸಕ್ತಿಗೆ ನಾನು ಋಣಿ."

ಆ ಪತ್ರ ಹಾಗೇ ಹೋಗಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಮನೆಯಲ್ಲಿ ಮಾವ ಇದ್ದರು. ಹೆಂಡತಿಯ ತಂದೆ, ನಿವೃತ್ತ ಹೆಡ್ ಕ್ಲರ್ಕು. ಮೂವತ್ತಾರು ವರ್ಷ ಫೈಲುಗಳ ಜೊತೆ ಬಾಳಿ, ಈಗ ತರಕಾರಿ ಚೀಟಿಗೂ ಕ್ರಮಸಂಖ್ಯೆ ಹಾಕುತ್ತಿದ್ದರು.

"ಅಳಿಯಂದ್ರೇ, ಇದು ಪತ್ರ ಅಲ್ಲ, ಪ್ರೇಮಪತ್ರ. ವಿಷಯ ಎಲ್ಲಿ?"

"ಎಲ್ಲಾ ವಿಷಯಾನೇ ಮಾವ."

"ಕಚೇರಿಗೆ ಬರೆಯೋವಾಗ ಮೊದಲನೇ ಪುಟದಲ್ಲಿ ವಿಷಯ, ಎರಡನೇ ಪುಟದಿಂದ ವಿವರ. ಎರಡನೇ ಪುಟ ಯಾರೂ ಓದಲ್ಲ. ಓದಿದ್ರೆ ನಾನು ಮೂವತ್ತಾರು ವರ್ಷ ನೌಕರಿ ಮಾಡೋಕಾಗ್ತಿತ್ತಾ? ಕೊಡಿ ಇಲ್ಲಿ."

ಮಾವನ ಕೈಯಲ್ಲಿ ಪತ್ರ ಪಳಗಿತು. ಮೊದಲ ಪುಟದಲ್ಲಿ ಒಂದೇ ಸಾಲು, ಅಡಿಗೆರೆ ಸಮೇತ: "ವಿಷಯ: ಮಾರುಕಟ್ಟೆಯಲ್ಲಿ ಮಾರುವ ಕಡ್ಡಿಮೀನಿನಲ್ಲಿ ಹುಳ ಇರುವ ಬಗ್ಗೆ." ಕೆಳಗೆ ಮೇಷ್ಟ್ರ ಸಹಿ, ಪದವಿ, ಕಾಲೇಜಿನ ಮೊಹರು. ಹುಳದಿಂದ ಮನುಷ್ಯನಿಗೆ ಏನೂ ಆಗುವುದಿಲ್ಲವೆಂಬ ಮಾತು ಎರಡನೇ ಪುಟಕ್ಕೆ ಹೋಗಿ ಕೂತಿತು. ಮಾವ ಇಸ್ತ್ರಿ ಅಂಗಿ ತೊಟ್ಟು ಸ್ವತಃ ಕಚೇರಿಗೆ ಒಯ್ದು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು, ಗೆದ್ದು ಬಂದ ಪೈಲ್ವಾನನಂತೆ ಮನೆಗೆ ಬಂದರು.

ಮೂರು ದಿನ ಕಳೆದು, ಬೆಳಗ್ಗೆ ಆರೂವರೆಗೆ ಮೇಷ್ಟ್ರು ಡಬ್ಬಿ ಹಿಡಿದು ಮಾರುಕಟ್ಟೆಗೆ ಹೋದರು. ಕಡ್ಡಿಮೀನಿನ ಬುಟ್ಟಿಗಳು ಬೋರಲು ಬಿದ್ದಿದ್ದವು. ಮೀನಕ್ಕನ ಕಟ್ಟೆಗೆ ಒಂದು ನೋಟಿಸು ಅಂಟಿಸಿದ್ದರು. "ಹುಳ ಇರುವ ಕಾರಣ ಕಡ್ಡಿಮೀನಿನ ಮಾರಾಟ ಮುಂದಿನ ಆದೇಶದವರೆಗೆ ನಿಷೇಧ." ಕೆಳಗೆ "ದೂರು ನೀಡಿದವರು" ಎಂದು ಮೇಷ್ಟ್ರ ಪೂರ್ತಿ ಹೆಸರು, ಪದವಿ. ಅಚ್ಚಿನಲ್ಲಿ ಅವರ ಹೆಸರು ಬಂದದ್ದು ಅದೇ ಮೊದಲು.

ರಬ್ಬರ್ ಏಪ್ರನ್ ಕಟ್ಟಿಕೊಂಡ ಮೀನಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಬಂದ್ರಾ? ಬನ್ನಿ. ಡಬ್ಬಿ ತಂದಿದೀರಾ? ಕೊಡಿ, ತುಂಬಿಸ್ಕೊಡ್ತೀನಿ."

ಮೇಷ್ಟ್ರು ಆಸೆಯಿಂದ ಕೊಟ್ಟರು. ಅವಳು ಡಬ್ಬಿಯನ್ನು ಮಾರುಕಟ್ಟೆಯ ಛಾವಣಿಯ ಮೇಲಕ್ಕೆ ಎಸೆದಳು.

"ಹನ್ನೊಂದು ವರ್ಷ! ಪುಕ್ಕಟೆ ತಲೆ ಕೊಟ್ಟೆನಲ್ಲಯ್ಯಾ ನಿನಗೆ! ತಲೆ ತಗೊಂಡು ತಲೆ ಮೇಲೇ ಕಲ್ಲು ಹಾಕ್ತೀಯಾ? ನನ್ನ ಮೀನಲ್ಲಿ ಹುಳವಾ? ನಿನ್ನ ಬಾಯಲ್ಲಿ ಹುಳ!"

"ಅಲ್ಲ ಮೀನಕ್ಕ, ಅದು ಕಿವಿರಲ್ಲಿ ಮಾತ್ರ ಇರೋದು..."

"ಕೇಳಿದ್ರೇನ್ರೇ? ಒಪ್ಕೊಂಡ!"

ಇಡೀ ಸಾಲು ಎದ್ದು ನಿಂತಿತು. ಏಡಿಯವಳು ಏಡಿ ತೋರಿಸಿದಳು. ಸೀಗಡಿಯವನು, "ನಾಳೆ ನನ್ನ ಸೀಗಡಿಗೆ ಮೀಸೆ ಇದೆ ಅಂತ ಅರ್ಜಿ ಕೊಡ್ತಾನೆ ಇವನು!" ಎಂದು ಕೂಗಿದ. ಮೇಷ್ಟ್ರಿಗೆ ಇನ್ನು ಒಂದು ಚಿಪ್ಪನ್ನೂ ಮಾರಬಾರದೆಂದು ಅಲ್ಲಿಯೇ ತೀರ್ಮಾನವಾಯಿತು.

ಸುದ್ದಿ ಮನೆಗೆ ಮೇಷ್ಟ್ರಿಗಿಂತ ಮುಂಚೆ ತಲುಪಿತ್ತು. ಎದುರುಮನೆಯ ದರ್ಜಿ ಗೇಟಿನಲ್ಲೇ ಅಡ್ಡಗಟ್ಟಿದ. "ಮೇಷ್ಟ್ರೇ, ಇಪ್ಪತ್ತು ವರ್ಷದಿಂದ ಕಡ್ಡಿಮೀನು ತಿಂತಿದೀನಿ. ನೀವೊಂದು ಮಾತು ಹೇಳಬಾರದಿತ್ತಾ? ಬೆಳಗ್ಗೆಯಿಂದ ಹೊಟ್ಟೇಲಿ ಏನೋ ಓಡಾಡ್ತಿದೆ."

"ಅದು ನಿಮಗೇನೂ ಮಾಡಲ್ಲ. ಅದಕ್ಕೆ ಕಡ್ಡಿಮೀನು ಬಿಟ್ಟು ಬೇರೇನೂ ಬೇಡ."

"ಅಂದ್ರೆ ನಾನು ಅದಕ್ಕೂ ಬೇಡವಾದೆನಾ?" ಎಂದು ದರ್ಜಿ ಇನ್ನಷ್ಟು ಕೆರಳಿದ. ಅಂದಿನಿಂದ ಮೇಷ್ಟ್ರ ಪ್ಯಾಂಟು ಹೊಲಿಯುವುದನ್ನು ಅರ್ಧಕ್ಕೆ ನಿಲ್ಲಿಸಿದ. ಒಂದೇ ಕಾಲು ತಯಾರಾಗಿತ್ತು.

ಹೆಂಡತಿಯ ಸಿಟ್ಟು ಬೇರೆ ಥರ. ಅವಳು ಕೂಗಲಿಲ್ಲ. ಫ್ರಿಜ್ಜಿನ ಬಾಗಿಲು ತೆರೆದು, "ಮೂರನೇ ತಟ್ಟೆಯಲ್ಲಿರೋದು ಮೊಸರಾ, ನಿಮ್ಮ ಸಂಶೋಧನೆಯಾ?" ಎಂದು ಶಾಂತವಾಗಿ ಕೇಳಿದಳು. ಹದಿನೆಂಟು ವರ್ಷದ ಸಂಸಾರದಲ್ಲಿ ಮೇಷ್ಟ್ರಿಗೆ ಗೊತ್ತಿತ್ತು. ಅವಳು ಶಾಂತಳಾದರೆ ಊಟ ಇಲ್ಲ.

ಪ್ರಿನ್ಸಿಪಾಲರು ಕರೆಸಿ, "ನಮ್ಮ ಕಾಲೇಜಿನ ಮೊಹರು ಹುಳಕ್ಕೆ ಹಾಕಿದ್ರಲ್ರೀ!" ಎಂದು ಕೆಮ್ಮಿದರು. ಅದು ನಿಜವಾದ ಕೆಮ್ಮೋ ಗಿಡದ ಮೇಷ್ಟ್ರದೋ ಎಂದು ಹುಳದ ಮೇಷ್ಟ್ರು ಒಂದು ಕ್ಷಣ ಬಾಗಿಲ ಕಡೆ ನೋಡಿದರು. ಅದಕ್ಕೂ ಬೈಸಿಕೊಂಡರು.

ದಿನಗಳು ಉರುಳಿದವು. ಬೆಸ್ತರು ಕಡ್ಡಿಮೀನಿಗೆ ಬಲೆ ಬಿಡುವುದನ್ನೇ ನಿಲ್ಲಿಸಿದ್ದರು. ಮೇಷ್ಟ್ರು ತಾವೇ ಗಾಳ ಹಿಡಿದು ಹೊಳೆದಂಡೆಯಲ್ಲಿ ಎರಡು ದಿನ ಕೂತರು. ಸಿಕ್ಕಿದ್ದು ಒಂದು ಎಡಗಾಲಿನ ಚಪ್ಪಲಿ. ಅದಕ್ಕೆ ಕಿವಿರಿರಲಿಲ್ಲ. ಅವಧಿಯಲ್ಲಿ ಒಂಬತ್ತು ದಿನ ಉಳಿದಾಗ ಅವರು ಆಹಾರ ಸುರಕ್ಷತಾ ಕಚೇರಿಯ ಮೆಟ್ಟಿಲು ಹತ್ತಿದರು.

ಅಧಿಕಾರಿ ತೆಳ್ಳಗೆ, ಕೀರಲು ಧ್ವನಿಯವರು. ಮೇಜಿನ ಮೇಲೆ ಫೈಲುಗಳ ಕೋಟೆ ಕಟ್ಟಿಕೊಂಡು ಅದರ ಕಿಂಡಿಯಿಂದ ನೋಡುತ್ತಿದ್ದರು.

"ಸರ್, ನೀವು ಫೋನ್ ಮಾಡಿದ್ರಿ. ಅದಕ್ಕೇ ಬರೆದೆ."

"ನಾನಾ? ನಾನು ಯಾರಿಗೂ ಫೋನ್ ಮಾಡಲ್ಲ. ಫೋನ್ ಮಾಡಿದ್ರೆ ಜನ ಮಾತಾಡ್ತಾರೆ."

"ಹುಳದಿಂದ ಯಾರಿಗೂ ತೊಂದರೆ ಇಲ್ಲ ಅಂತ ಎರಡನೇ ಪುಟದಲ್ಲಿ..."

"ನೋಡ್ರೀ, ವಿಷಯ ಮೊದಲನೇ ಪುಟದಲ್ಲಿದೆ. ಕ್ರಮ ವಿಷಯದ ಮೇಲೆ. ನಿಮ್ಮ ಎರಡನೇ ಪುಟ ವಿವರಗಳ ಕಪಾಟಿಗೆ ಹೋಗಿದೆ."

"ನಿಷೇಧ ತೆಗೆಯೋಕೆ ಏನು ಮಾಡ್ಬೇಕು?"

"ಹುಳ ನಿರುಪದ್ರವಿ ಅಂತ ತಜ್ಞರು ಬರೆದುಕೊಡ್ಬೇಕು."

"ಈ ಹುಳಕ್ಕೆ ಪ್ರಪಂಚದಲ್ಲಿರೋ ತಜ್ಞ ನಾನೊಬ್ಬನೇ ಸರ್!"

"ನೀವು ದೂರುದಾರರು. ದೂರುದಾರರೇ ತಜ್ಞರಾಗೋಕೆ ಬರಲ್ಲ. ಬೇರೆ ತಜ್ಞರನ್ನ ಹುಡುಕಿ."

"ಹುಳ ನೋಡಿರೋದೇ ನಾನೊಬ್ಬ!"

"ಹಾಗಾದ್ರೆ ಹುಳ ಇರೋದಕ್ಕೆ ಸಾಕ್ಷಿ ಏನು?" ಎಂದು ಅಧಿಕಾರಿ ಮುಂದಕ್ಕೆ ಬಾಗಿದರು. "ಹುಳ ಇಲ್ಲದೇ ದೂರು ಕೊಟ್ರೆ ಅದಕ್ಕೆ ಬೇರೆ ನೋಟಿಸಿದೆ, ಗೊತ್ತಾ?"

ಮೇಷ್ಟ್ರು ಕೋಣೆಗೆ ಮರಳಿ ಇದಿಷ್ಟನ್ನೂ ಹೇಳಿದಾಗ ಗಿಡದ ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ಕುರ್ಚಿ ಸಮೇತ ಹಿಂದಕ್ಕೆ ಬಿದ್ದರು. ಬಿದ್ದಲ್ಲಿಂದಲೇ, ಆ ಗಡಸು ಧ್ವನಿಯಲ್ಲಿ, "ಯಾರ ಅನುಮತಿ ಮೇಲೆ?" ಎಂದರು.

"ನೀನಾ?" ಎಂದರು ಹುಳದ ಮೇಷ್ಟ್ರು.

"ತಮಾಷೆಗೆ ಮಾರಾಯಾ. ನೀನು ನಿಜವಾಗ್ಲೂ ಬರೀತೀಯಾ ಅಂತ ಯಾರಿಗೆ ಗೊತ್ತಿತ್ತು?"

"ಹನ್ನೊಂದು ವರ್ಷ. ಹನ್ನೊಂದು ವರ್ಷಕ್ಕೆ ಒಬ್ಬ ಕೇಳಿದ, ಏನ್ರೀ ಅದು ಹುಳ ಅಂತ. ಒಬ್ಬನೇ ಒಬ್ಬ. ನಾನು ಆವತ್ತು ಮನೆವರೆಗೂ ನಡ್ಕೊಂಡೇ ಹೋದೆ ಕಣೋ, ಬಸ್ಸು ಹತ್ತೋದು ಮರೆತು. ಆ ಒಬ್ಬನೂ ನೀನಾ?"

ಗಿಡದ ಮೇಷ್ಟ್ರ ನಗು ಅರ್ಧದಲ್ಲೇ ಒಣಗಿತು.

ನಲವತ್ತೇಳು ವರ್ಷ ಕೂಡಿಟ್ಟ ಸಿಟ್ಟು ಬಂದದ್ದು ಆಗ. ಬಂದ ಸಿಟ್ಟಿಗೆ ಏನಾದರೂ ಎಸೆಯಬೇಕಿತ್ತು. ಸೂಕ್ಷ್ಮದರ್ಶಕ ತಮ್ಮದು, ಎಸೆಯುವಂತಿಲ್ಲ. ಎದುರು ಮೇಜಿನ ಮೇಲೆ ಗಿಡದ ಮೇಷ್ಟ್ರು ಮಗಳಂತೆ ಸಾಕಿದ್ದ ಪಾಪಸುಕಳ್ಳಿ ಇತ್ತು. ಹುಳದ ಮೇಷ್ಟ್ರು ಕುಂಡ ಹಿಡಿದು ಎಸೆಯಬಹುದಿತ್ತು. ಸಿಟ್ಟಿನ ಅಭ್ಯಾಸವಿಲ್ಲದವರು ನೋಡಿ, ಗಿಡವನ್ನೇ ಎರಡೂ ಕೈಯಿಂದ ಅಪ್ಪಿ ಹಿಡಿದು ಎಸೆದರು.

ಗಿಡ ಕಿಟಕಿಯಾಚೆ ಹೋಯಿತು. ಮುಳ್ಳುಗಳು ಹೋಗಲಿಲ್ಲ.

ಆಮೇಲಿನ ಒಂದು ಗಂಟೆ, ಹುಳ ಹಿಡಿಯುವ ಸಣ್ಣ ಚಿಮುಟದಿಂದ ಗಿಡದ ಮೇಷ್ಟ್ರು ಹುಳದ ಮೇಷ್ಟ್ರ ಅಂಗೈಯಿಂದ ಒಂದೊಂದೇ ಮುಳ್ಳು ಕಿತ್ತರು. ಒಬ್ಬರು "ಅಯ್ಯೋ" ಎನ್ನುತ್ತಿದ್ದರು, ಇನ್ನೊಬ್ಬರು "ತಪ್ಪಾಯ್ತು" ಎನ್ನುತ್ತಿದ್ದರು. ನಲವತ್ತೊಂದನೇ ಮುಳ್ಳಿಗೆ ಗಿಡದ ಮೇಷ್ಟ್ರು, "ನಾನೇ ಕೆಡಿಸಿದ್ದು, ನಾನೇ ಸರಿ ಮಾಡ್ತೀನಿ" ಎಂದು ಮಾತು ಕೊಟ್ಟರು.

ಹೇಗೆ ಸರಿ ಮಾಡಿದರೆಂದರೆ, ಮಾರನೆಯ ದಿನ ಮೀನಕ್ಕನ ಫೋನಿಗೆ ಅದೇ ಗಡಸು ಧ್ವನಿಯಲ್ಲಿ ಫೋನು ಮಾಡಿದರು. "ಅಧಿಕಾರಿ ಮಾತಾಡ್ತಿರೋದು. ತನಿಖೆ ಮುಗೀತು. ನಾಳೆಯಿಂದ ಕಡ್ಡಿಮೀನು ಮಾರಬಹುದು. ಮೇಷ್ಟ್ರಿಗೆ ತಲೆ ಕೊಡೋದು ಮರೀಬೇಡಿ."

ಮೀನಕ್ಕ ಕುಣಿದಾಡಿದಳು. ಬೆಸ್ತರಿಗೆ ಹೇಳಿ ನಸುಕಿನಲ್ಲೇ ಎಲ್ಲ ಬಲೆ ಬಿಡಿಸಿದಳು. ಇಷ್ಟು ದಿನ ಯಾರೂ ಮುಟ್ಟದ ಕಡ್ಡಿಮೀನು ಹೊಳೆಯಲ್ಲಿ ಕಿಕ್ಕಿರಿದಿತ್ತು. ಬೆಳಗ್ಗೆ ಆರಕ್ಕೆ ಮಾರುಕಟ್ಟೆಗೆ ಒಂಬತ್ತು ಬುಟ್ಟಿ ಬಂದಿಳಿದವು. ಆರೂ ಕಾಲಿಗೆ ನಿಜವಾದ ಅಧಿಕಾರಿ ಇಬ್ಬರು ಜವಾನರ ಜೊತೆ ಬಂದಿಳಿದರು.

"ನಿಲ್ಸಿ! ಯಾರು ಮಾರೋಕೆ ಹೇಳಿದ್ದು?"

"ಅಧಿಕಾರಿಗಳು ಹೇಳಿದ್ದು."

"ನಾನೇ ಅಧಿಕಾರಿ!"

"ನೀನಾ?" ಮೀನಕ್ಕ ಅವರ ಕೀರಲು ಧ್ವನಿ ಕೇಳಿ ಮೇಲೆ ಕೆಳಗೆ ನೋಡಿದಳು. "ಹೋಗಯ್ಯಾ ಸುಮ್ನೆ. ಅಧಿಕಾರಿ ಧ್ವನಿ ಹೇಗಿರುತ್ತೆ ಅಂತ ನಿನ್ನೆ ಕೇಳಿದೀನಿ ನಾನು."

ಗುರುತಿನ ಚೀಟಿ ತೋರಿಸಿದ ಮೇಲೆ ಅವಳು ನಂಬಿದಳು. ನಂಬಿದ ಮೇಲೆ ಅವಳ ಸಿಟ್ಟು ಇಡೀ ಮಾರುಕಟ್ಟೆಯನ್ನು ಸುತ್ತಿ ಬಂದು ಒಂದೇ ಕಡೆ ತಿರುಗಿತು. ಇದೆಲ್ಲ ಆ ಹುಳದವನದೇ ಆಟ!

"ಎತ್ರೇ ಬುಟ್ಟಿ!"

ಆರೂ ಮುಕ್ಕಾಲಿಗೆ ಮೇಷ್ಟ್ರು ಬ್ಯಾಂಡೇಜು ಸುತ್ತಿದ ಕೈಯಲ್ಲಿ ಹಲ್ಲುಜ್ಜುತ್ತ ಜಗಲಿಗೆ ಬಂದರು. ಅವಧಿಗೆ ಏಳು ದಿನ ಉಳಿದಿತ್ತು. ಬೀದಿಯ ತಿರುವಿನಲ್ಲಿ ಒಂಬತ್ತು ಬುಟ್ಟಿ, ಇಪ್ಪತ್ತು ಜನ, ಹಿಂದಿನಿಂದ ಓಡುತ್ತ ಅಧಿಕಾರಿ, ಜವಾನರು. ದರ್ಜಿ ಟೇಪು ಕೊರಳಿಗೆ ಹಾಕಿಕೊಂಡೇ ಮುಂದಿನ ಸಾಲಿಗೆ ಬಂದು ನಿಂತ.

"ತಗೋ!" ಮೀನಕ್ಕ ಮೊದಲ ಬುಟ್ಟಿಯನ್ನು ಜಗಲಿಯ ಮೇಲೆ ಸುರಿದಳು. "ತಗೋ ನಿನ್ನ ಹುಳ! ತಿನ್ನು! ಮಾಲೆ ಮಾಡಿ ಹಾಕ್ಕೋ!"

ಒಂದು, ಎರಡು, ಒಂಬತ್ತು ಬುಟ್ಟಿ. ಜಗಲಿ ಬೆಳ್ಳಗೆ ಹೊಳೆಯಿತು. ಹೆಂಡತಿ ಬಾಗಿಲಿಗೆ ಬಂದು ನೋಡಿ, ಶಾಂತಳಾದಳು. ಮಾವ ಕನ್ನಡಕ ಹುಡುಕಿದರು. ಊರೆಲ್ಲ ಒಟ್ಟಿಗೆ ಬೈಯುತ್ತಿತ್ತು.

ಮೇಷ್ಟ್ರು ಮೊಣಕಾಲೂರಿ ಕೂತು ಒಂದು ಮೀನನ್ನು ಎತ್ತಿಕೊಂಡರು. ಅದರ ಕಿವಿರಿನ ಮುಚ್ಚಳ ಇನ್ನೂ ತೆರೆದು ಮುಚ್ಚುತ್ತಿತ್ತು. ಇನ್ನೊಂದನ್ನು ಎತ್ತಿದರು. ಅದೂ. ಕಿವಿರು ಕೆಂಪಗೆ, ಬಿಸಿಲು ತಾಗದೆ, ನೀರು ಬಿಟ್ಟು ಒಂದು ಗಂಟೆಯೂ ಆಗದೆ...

"ಕತ್ತರಿ!" ಎಂದು ಅವರು ಅರಚಿದರು. "ಕತ್ತರಿ, ಬೋಗುಣಿ, ನೀರು! ಇನ್ನು ಒಂದೇ ಗಂಟೆ ಇರೋದು!"

"ಹುಚ್ಚು ಹಿಡೀತು" ಎಂದ ದರ್ಜಿ, ಆದರೂ ಕತ್ತರಿ ಕೊಟ್ಟ. ಅವನ ಹತ್ತಿರ ಅದೇ ಇದ್ದದ್ದು.

ಬ್ಯಾಂಡೇಜಿನ ಬೆರಳುಗಳಲ್ಲಿ ಕತ್ತರಿ ಜಾರುತ್ತಿತ್ತು. ಮೇಷ್ಟ್ರು ಒಂದು ತಲೆಯನ್ನು ಮೂರು ಸಲ ತಪ್ಪಾಗಿ ಕತ್ತರಿಸಿದ್ದನ್ನು ನೋಡಿ ಮೀನಕ್ಕನಿಗೆ ತಡೆಯಲಾಗಲಿಲ್ಲ. ಬೈಯುವುದು ಬೇರೆ, ಕಸುಬು ಬೇರೆ.

"ಏಯ್, ಹಾಗಲ್ಲ ಕುಯ್ಯೋದು! ಮೀನಿಗೆ ಮರ್ಯಾದೆ ಇಲ್ವಾ? ಕೊಡು ಇಲ್ಲಿ!" ಎಂದು ಕತ್ತರಿ ಕಿತ್ತುಕೊಂಡು ಕೂತಳು. ಕತ್ತರಿಯ ಒಂದೊಂದು ಹೊಡೆತಕ್ಕೆ ಒಂದೊಂದು ಬೈಗುಳ. "ದ್ರೋಹಿ!" ಒಂದು ತಲೆ. "ಡಬ್ಬಿ ಕಳ್ಳ!" ಇನ್ನೊಂದು ತಲೆ. ಅಷ್ಟು ಚೆನ್ನಾಗಿ ಕಿವಿರು ಬಿಡಿಸುವ ಕೈಯನ್ನು ಮೇಷ್ಟ್ರು ಹನ್ನೊಂದು ವರ್ಷದಲ್ಲಿ ಕಂಡಿರಲಿಲ್ಲ.

ಅಷ್ಟರಲ್ಲಿ ಅಧಿಕಾರಿ ಮುಂದೆ ಬಂದರು. "ಮುಟ್ಬೇಡಿ! ಈ ಮೀನೆಲ್ಲ ಜಪ್ತಿ!"

ಮಾವನಿಗೆ ಕನ್ನಡಕ ಸಿಕ್ಕಿತ್ತು. "ಜಪ್ತಿ ಆದೇಶ ಎಲ್ಲಿ ಸ್ವಾಮಿ?"

"ಮಾರಾಟ ನಿಷೇಧ ಇದೆಯಲ್ಲ."

"ಇದು ಮಾರಾಟ ಅಲ್ಲ, ಎಸೆತ. ಎಸೆತಕ್ಕೆ ವಿಷಯ ಬೇರೆ, ಕಡತ ಬೇರೆ. ಬರೆದು ಕೊಡಿ."

ಒಬ್ಬ ಕ್ಲರ್ಕಿಗೆ ಇನ್ನೊಬ್ಬ ಕ್ಲರ್ಕು ಸಿಕ್ಕಿದ. ಇಬ್ಬರೂ ಜಗಲಿಯ ಕಂಬಕ್ಕೆ ಒರಗಿ ನಿಯಮಗಳನ್ನು ಒಂದರ ಮೇಲೊಂದು ಪೇರಿಸತೊಡಗಿದರು. ಮುಕ್ಕಾಲು ಗಂಟೆ ಹೀಗೆ ಹೋಯಿತು. ಕೊನೆಗೆ ಬೆವರು ಒರೆಸಿಕೊಳ್ಳುತ್ತ ಅಧಿಕಾರಿ, "ನಿಮಗೇನು ಬೇಕು ಯಜಮಾನ್ರೇ?" ಎಂದರು. ಮಾವ ಒಳಗೆ ಹೋಗಿ ಒಂದು ಹಾಳೆ ತಂದರು. ಮೇಲೆ ಅಡಿಗೆರೆ ಸಮೇತ ಒಂದೇ ಸಾಲು: "ವಿಷಯ: ಸದರಿ ಹುಳವು ಮನುಷ್ಯರಿಗೆ ಏನೂ ಮಾಡದಿರುವ ಬಗ್ಗೆ."

"ಇದು ಮೊದಲನೇ ಪುಟ. ಎರಡನೇ ಪುಟವೇ ಇಲ್ಲ" ಎಂದರು ಮಾವ. "ದೂರುದಾರ ನಾನಲ್ಲ, ಅಳಿಯ. ಹುಳ ಬೇಕಾದ್ರೆ ನಾನೂ ನೋಡ್ತೀನಿ, ನೀವೂ ನೋಡಿ. ಇಬ್ಬರು ಸಾಕ್ಷಿ ಆಯ್ತು."

ಅಷ್ಟರಲ್ಲಿ ಮೇಷ್ಟ್ರು ಮನೆಯಲ್ಲಿಟ್ಟಿದ್ದ ಹಳೆಯ ಸೂಕ್ಷ್ಮದರ್ಶಕ ಊಟದ ಮೇಜಿನ ಮೇಲೆ ಬಂದಿತ್ತು. ಅಧಿಕಾರಿ ಒಂದು ಕಣ್ಣು ಮುಚ್ಚಿ ನೋಡಿದರು. ಮೀನಕ್ಕ ಅವರನ್ನು ತಳ್ಳಿ ತಾನು ನೋಡಿದಳು. ಬೆಳಕಿನಲ್ಲಿ, ಹಳದಿ ಗಾಜಿನಂಥ ಒಂದು ಪುಟ್ಟ ಜೀವ, ಹಿಂದೆ ಕೊಕ್ಕೆ.

"ಇದಾ?" ಎಂದಳು. ಮತ್ತೆ ನೋಡಿದಳು. "ಇಷ್ಟಕ್ಕಾ? ಇಷ್ಟೇ ಇಷ್ಟು ಧೂಳಿಗೆ ನನ್ನ ಕಟ್ಟೆ ಮುಚ್ಚಿಸಿದ್ರಾ? ಏಯ್ ಅಧಿಕಾರಿ, ನಿನ್ನ ಉಗುರಲ್ಲಿ ಇದಕ್ಕಿಂತ ದೊಡ್ಡದಿದೆ ಕಣೋ!"

ಅಧಿಕಾರಿ ಉಗುರು ಮುಚ್ಚಿಕೊಂಡು, ಮಾವನ ಹಾಳೆಯ ಮೇಲೆಯೇ "ನಿಷೇಧ ಹಿಂಪಡೆಯಲಾಗಿದೆ" ಎಂದು ಬರೆದು ಸಹಿ ಹಾಕಿದರು. ಹಾಕಿದ ಮೇಲೆ ಅವರಿಗೂ ಸಿಟ್ಟು ನೆನಪಾಯಿತು. "ಆದ್ರೆ ನನ್ನ ಹೆಸರಲ್ಲಿ ಫೋನ್ ಮಾಡಿದೋರು ಯಾರು? ಅದು ಗೊತ್ತಾಗ್ಬೇಕು."

"ನನಗೂ ಗೊತ್ತಾಗ್ಬೇಕು" ಎಂದಳು ಮೀನಕ್ಕ.

ಗಲಾಟೆಯ ಸುದ್ದಿ ಕೇಳಿ ಗಿಡದ ಮೇಷ್ಟ್ರು ಆಗಲೇ ಬಾಗಿಲಿಗೆ ಬಂದು, ಒಳಗಿನ ಮುಖಗಳನ್ನು ನೋಡಿ, ಬಂದ ದಾರಿಗೆ ತಿರುಗಿದ್ದರು. ಅವಸರದಲ್ಲಿ ಜಗಲಿಯ ಮೀನಿನ ಮೇಲೆ ಕಾಲಿಟ್ಟು ಜಾರಿ, ಧೊಪ್ಪನೆ ಕೂತರು. ನೋವಿಗೆ ಬಾಯಿ ತೆರೆದಾಗ, ಏನು ಗ್ರಹಚಾರವೋ, ಬಂದದ್ದು ಅವರ ಸ್ವಂತ ಧ್ವನಿಯಲ್ಲ, ರೂಢಿ ಬಲದಿಂದ ಆ ಗಡಸು ಧ್ವನಿ: "ಅಯ್ಯಯ್ಯಪ್ಪಾ!"

ಮೀನಕ್ಕನ ಕಿವಿ ನಿಮಿರಿತು. "ಇದೇ! ಇದೇ ಅಧಿಕಾರಿ!"

"ನಾನು ಹೀಗೆ ಮಾತಾಡ್ತೀನಾ?" ಎಂದು ಅಧಿಕಾರಿ ಕೀರಿದರು.

"ಮಾತಾಡಿದ್ರೆ ಚೆನ್ನಾಗಿರ್ತಿತ್ತು" ಎಂದ ದರ್ಜಿ.

ಮೀನಕ್ಕ ಕತ್ತರಿ ಹಿಡಿದು ಎದ್ದಳು. "ಹಿಡ್ಕೊಳ್ರೇ ಇವನನ್ನ. ಬಾಯಿ ತೆಗೆಸಿ. ಗಂಟಲಲ್ಲಿ ಯಾವ ಹುಳ ಇದೆ ಅಂತ ಮೇಷ್ಟ್ರು ನೋಡ್ಲಿ!"

ಏಡಿಯವಳು ಎಡಗೈ ಹಿಡಿದಳು, ಸೀಗಡಿಯವನು ಬಲಗೈ. ಗಿಡದ ಮೇಷ್ಟ್ರು ಮೈತುಂಬ ಮೀನು ಅಂಟಿಸಿಕೊಂಡು, ಪ್ರಿನ್ಸಿಪಾಲರ ಧ್ವನಿಯಲ್ಲಿ ಒಮ್ಮೆ, ತಮ್ಮದೇ ಧ್ವನಿಯಲ್ಲಿ ಒಮ್ಮೆ ಕ್ಷಮೆ ಕೇಳತೊಡಗಿದರು.

ಹುಳದ ಮೇಷ್ಟ್ರು ಇದ್ಯಾವುದಕ್ಕೂ ತಲೆಯೆತ್ತಿರಲಿಲ್ಲ. ಎಂಟು. ಒಂಬತ್ತು. ಚಿಮುಟದ ತುದಿಯಲ್ಲಿ ಇನ್ನೊಂದನ್ನು ಎತ್ತಿ, ಉಸಿರು ಬಿಗಿಹಿಡಿದು, ಗಾಜಿನ ಮೇಲೆ ಇಳಿಬಿಟ್ಟರು. ಅದು ಅಂಗಾತ, ನೆಟ್ಟಗೆ, ಎರಡೂ ಕಡೆ ಸಮನಾಗಿ ಮಲಗಿತು. ಕೊಕ್ಕೆಯ ಬುಡ ಹೊರಕ್ಕೇ ಬಾಗಿತ್ತು. ಬಾಗಿದ್ದು ಹುಳವಲ್ಲ. ಹತ್ತು.

ಆಗ ಅವರು ತಲೆಯೆತ್ತಿ ನೋಡಿದರು. ಮೀನಿನ ರಾಶಿಯಲ್ಲಿ ಬಾಯಿ ತೆರೆದು ಕೂತ ಗೆಳೆಯ, ಉಗುರು ಬಚ್ಚಿಟ್ಟುಕೊಂಡ ಅಧಿಕಾರಿ, ಕಡತಕ್ಕೆ ಕ್ರಮಸಂಖ್ಯೆ ಹಾಕುತ್ತಿರುವ ಮಾವ, ಮೊದಲ ಬಾರಿಗೆ ಸೂಕ್ಷ್ಮದರ್ಶಕದಲ್ಲಿ ಕಣ್ಣಿಡಲು ಸಾಲಿನಲ್ಲಿ ನಿಂತ ಹೆಂಡತಿ.

ಮೊದಲು ಮೂಗಿನಿಂದ ಒಂದು ಸದ್ದು ಹೊರಟಿತು. ಆಮೇಲೆ ಭುಜ ಕುಣಿಯಿತು. ಆಮೇಲೆ ಬಂದ ನಗುವಿಗೆ ಎದುರುಮನೆಯ ಕಿಟಕಿ ತೆರೆಯಿತು. ಬೈಯುತ್ತಿದ್ದವರು ಬೈಯುತ್ತಲೇ ನಕ್ಕರು. ಏಡಿಯವಳು ನಕ್ಕಳು, ದರ್ಜಿ ನಕ್ಕ, ಕೈಕಾಲು ಹಿಡಿಸಿಕೊಂಡಿದ್ದ ಗಿಡದ ಮೇಷ್ಟ್ರೂ ಹೆದರಿ ಹೆದರಿ ನಕ್ಕರು. ಎಲ್ಲರ ನಗುವನ್ನೂ ಮುಳುಗಿಸಿ ಹುಳದ ಮೇಷ್ಟ್ರು ನಕ್ಕರು. ಬ್ಯಾಂಡೇಜಿನ ಕೈಯಿಂದ ಮೇಜು ಬಡಿಬಡಿದು ನಕ್ಕರು.

ಮೀನಕ್ಕ ಕತ್ತರಿ ಎಸೆದು ಓಡಿಬಂದು ಅವರ ಎರಡೂ ಕೈ ಹಿಡಿದುಕೊಂಡಳು.

"ಏಯ್, ಮೇಜು ಬಡೀಬೇಡ್ರೀ! ಹುಳ ಜರುಗುತ್ತೆ!"